ಓಕ್ ಸ್ಟ್ರೀಟಿನ ಮಂಗಳವಾರಗಳು

ನ್ಯೂ ಆರ್ಲಿಯನ್ಸ್ ನಗರಕ್ಕೆ ಸಂಗೀತ ಹುಡುಕಿಕೊಂಡು ಬರುವ ಪ್ರವಾಸಿಗರು ಸಾಮಾನ್ಯವಾಗಿ ಫ್ರೆಂಚ್ ಕ್ವಾರ್ಟರ್ ದಾಟಿ ಹೋಗುವುದಿಲ್ಲ. ಅಲ್ಲಿಂದ ಸಾಕಷ್ಟು ದೂರದಲ್ಲಿ, ಜನರು ಮನೆಮಾಡಿಕೊಂಡಿರುವ ಕ್ಯಾರಲ್ಟನ್ ಬಡಾವಣೆಯ ಓಕ್ ಸ್ಟ್ರೀಟಿನಲ್ಲಿ, ಮೇಪಲ್ ಲೀಫ್ ಎಂಬ ಬಾರ್ 1974ರಿಂದಲೂ ಇದೆ. ಉದ್ದನೆಯ ಇಕ್ಕಟ್ಟಾದ ಕೋಣೆ, ಗೋಡೆಗೂ ಸೂರಿಗೂ ಹೊಡೆದ ಅಚ್ಚೊತ್ತಿದ ತಗಡು, ಹಿಂದುಗಡೆ ಒಂದು ಅಂಗಳ, ಇಷ್ಟೇ. ಇಂಥ ಜಾಗಗಳ ಸೆಳೆತ ಅವುಗಳ ಹಳೆಯತನದಲ್ಲಿದೆ, ಅಗ್ಗದ ಬಿಯರಿನಲ್ಲಿದೆ ಎನ್ನುವವರಿದ್ದಾರೆ. ಹಳೆಯದಾಗಿಯೂ ಅಗ್ಗವಾಗಿಯೂ ಇದ್ದು ಯಾರ ನೆನಪಿನಲ್ಲೂ ಉಳಿಯದ ಬಾರುಗಳು ಎಲ್ಲ ಊರುಗಳಲ್ಲೂ ಇರುವುದರಿಂದ ಈ ವಿವರಣೆ ನನಗೆ ಸಾಲದು. ಮೇಪಲ್ ಲೀಫ್ ಬೆಳೆದದ್ದು ವಾರದ ಕಟ್ಟುಪಾಡಿನಿಂದ: ಒಬ್ಬ ಕಲಾವಿದನಿಗೆ ವಾರವಾರವೂ ಅದೇ ದಿನ, ಅದೇ ಕೋಣೆ, ಹೆಚ್ಚುಕಡಿಮೆ ಅವೇ ಕಿವಿಗಳು.

ಇದರ ಫಲ ಏನೆಂಬುದಕ್ಕೆ ಜೇಮ್ಸ್ ಬೂಕರ್ ಸಾಕ್ಷಿ. 1939ರಲ್ಲಿ ಹುಟ್ಟಿದ ಈ ಪಿಯಾನೋ ವಾದಕ ಬಾಲಪ್ರತಿಭೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿತವನು. ಶೋಪೆನ್‌ನನ್ನೂ ಬ್ಲೂಸನ್ನೂ ಒಂದೇ ಉಸಿರಿನಲ್ಲಿ ನುಡಿಸಬಲ್ಲವನು. ಎಪ್ಪತ್ತರ ದಶಕದ ಕೊನೆಯಿಂದ ಅವನು ಇಲ್ಲಿ ನಿಯಮಿತವಾಗಿ ನುಡಿಸಿದ. ಆ ರಾತ್ರಿಗಳ ಧ್ವನಿಮುದ್ರಣಗಳು ಅವನು ತೀರಿಕೊಂಡ ಹತ್ತು ವರ್ಷಗಳ ಮೇಲೆ, 1993ರಲ್ಲಿ, ಎರಡು ಆಲ್ಬಂಗಳಾಗಿ ಬಂದವು. ದೊಡ್ಡ ಸಭಾಂಗಣದಲ್ಲಿ ಒಂದೇ ಸಂಜೆಗೆ ಟಿಕೆಟ್ ಕೊಂಡು ಬಂದವರ ಮುಂದೆ ಕಲಾವಿದ ತನಗೆ ಖಚಿತವಾಗಿ ಒಲಿದದ್ದನ್ನೇ ನುಡಿಸಬೇಕಾಗುತ್ತದೆ. ಮುಂದಿನ ವಾರವೂ ಇದೇ ಸ್ಟೂಲಿನ ಮೇಲೆ ಕೂರುತ್ತೇನೆಂದು ಗೊತ್ತಿದ್ದವನು ಮಾತ್ರ ಹಾಡನ್ನು ದಾರಿ ತಪ್ಪಲು ಬಿಡಬಲ್ಲ. ಕೇಳುವವರೂ ಹಾಗೆಯೇ ಪಳಗುತ್ತಾರೆ. ಪ್ರಸಂಗದ ಕಥೆ ಬಾಯಿಪಾಠವಿರುವ ಕರಾವಳಿಯ ಯಕ್ಷಗಾನ ಪ್ರೇಕ್ಷಕ ಇವತ್ತಿನ ವೇಷಧಾರಿ ಅರ್ಥವನ್ನು ಹೇಗೆ ಹೇಳಿದ ಎಂದು ಗಮನಿಸುವಂತೆ, ಖಾಯಂ ಗಿರಾಕಿಗೆ ಹಾಡು ಯಾವುದೆಂಬುದಕ್ಕಿಂತ ಈ ರಾತ್ರಿ ಅದು ಎಲ್ಲಿ ತಿರುಗಿತು ಎಂಬುದೇ ಮುಖ್ಯ.

ರೀಬರ್ತ್ ಬ್ರಾಸ್ ಬ್ಯಾಂಡಿನ ಕಥೆ ಇನ್ನೊಂದು ಬಗೆಯದು. 1983ರಲ್ಲಿ ಶಾಲಾ ಹುಡುಗರು ಕಟ್ಟಿದ ತಂಡವಿದು. ಬ್ರಾಸ್ ಬ್ಯಾಂಡ್ ಅಲ್ಲಿ ಬೀದಿಯ ಕಲೆ. ಶವಯಾತ್ರೆಯ ಹಿಂದೆ, ಭಾನುವಾರದ ಮೆರವಣಿಗೆಯಲ್ಲಿ, ನಡೆಯುವವರ ಹೆಜ್ಜೆಗೆ ಹೊಂದಿಕೊಂಡೇ ನುಡಿಯಬೇಕು. ದಶಕಗಳ ಕಾಲ ಈ ತಂಡದ ಮಂಗಳವಾರಗಳು ಮೇಪಲ್ ಲೀಫ್‌ನಲ್ಲಿ ಕಳೆದವು. ಬೀದಿಯ ಲಯಕ್ಕೆ ಫಂಕ್, ಹಿಪ್‌ಹಾಪ್ ಬೆರೆಸಿದ ಈ ತಂಡಕ್ಕೆ 2012ರಲ್ಲಿ ಗ್ರ್ಯಾಮಿ ಬಂತು. ಇನ್ನು ಭಾನುವಾರದ ಕವಿಗೋಷ್ಠಿ. ಅದನ್ನು ಶುರುಮಾಡಿದ ಕವಿ ಎವರೆಟ್ ಮ್ಯಾಡಕ್ಸ್ 1989ರಲ್ಲಿ ತೀರಿಕೊಂಡಾಗ ಅವನ ಚಿತಾಭಸ್ಮದ ಒಂದು ಪಾಲನ್ನು ಬಾರಿನ ಹಿಂದಿನ ಅಂಗಳದಲ್ಲೇ ಹೂಳಿದರು.

ಕುಡಿತದ ಮೇಲೆ ನಿಂತ ಜಾಗವನ್ನು ಕಲೆಯ ಆಸರೆ ಎನ್ನಬಹುದೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಬೂಕರ್ ನಲವತ್ಮೂರನೇ ವಯಸ್ಸಿಗೇ ಸತ್ತ. ಮದ್ಯ ಮತ್ತು ಹೆರಾಯಿನ್ ಅವನ ದೇಹವನ್ನು ತಿಂದುಹಾಕಿದ್ದವು. ಚಟ ಅವನಿಗೆ ಈ ಬಾರಿಗೆ ಬರುವ ಮೊದಲೇ ಅಂಟಿತ್ತು ನಿಜ, ಆದರೆ ಗ್ಲಾಸು ತುಂಬಿಸಿ ಬದುಕುವ ವ್ಯಾಪಾರ ಅಂಥವನನ್ನು ಕಾಪಾಡಲಾರದು ಎಂಬುದೂ ಅಷ್ಟೇ ನಿಜ. ಆದರೆ ಇದಕ್ಕೆ ಉತ್ತರ ಬಾರಿಗೆ ಬೀಗ ಹಾಕುವುದಲ್ಲ. 1998ರಲ್ಲಿ ಅದೇ ಊರಿನಲ್ಲಿ ಸಂಗೀತಗಾರರಿಗೆಂದೇ ಒಂದು ಚಿಕಿತ್ಸಾಲಯ ಆರಂಭವಾಯಿತು. ರಾತ್ರಿ ದುಡಿಯುವ, ವಿಮೆಯಿಲ್ಲದ ವಾದಕರಿಗೆ ಬೇಕಾದದ್ದು ಇದು. ವೇದಿಕೆ ಇಲ್ಲದಂತೆ ಮಾಡಿದರೆ ಅವರ ಕಾಯಿಲೆ ಹೋಗುವುದಿಲ್ಲ, ಹೋಗುವುದು ಸಂಪಾದನೆ.

ನೆರೆಹೊರೆಯವರ ನಿದ್ದೆಯ ಪ್ರಶ್ನೆ ನಮಗೆ ಹೆಚ್ಚು ಹತ್ತಿರದ್ದು. ಬೆಂಗಳೂರಿನಲ್ಲಿ ಇಂಥ ಮನರಂಜನೆಯ ಜಾಗಗಳಿಗೆ ಪರವಾನಗಿ ಬೇಕೆಂದು ಪೊಲೀಸರು 2005ರಲ್ಲಿ ಹೊರಡಿಸಿದ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿದ ಮೇಲೆ ಎಷ್ಟೋ ಪಬ್ಬುಗಳಲ್ಲಿ ಹಾಡುವವರು ಮೈಕ್ ಕೆಳಗಿಡಬೇಕಾಯಿತು. ಮಲಗಲಾಗದ ನಿವಾಸಿಯ ದೂರು ಖಂಡಿತ ನ್ಯಾಯವಾದದ್ದು; ಧ್ವನಿಯ ಮಿತಿ, ಮುಗಿಸುವ ಸಮಯ ಎರಡೂ ಬೇಕು. ಅದಕ್ಕೆ ಬಾಗಿಲು ಭದ್ರವಾಗಿರಬೇಕು, ಅಳತೆ ನಡೆಯಬೇಕು. ಗಿಟಾರ್ ಹಿಡಿದ ಇಬ್ಬರಿಗೂ ದೊಡ್ಡ ಡ್ಯಾನ್ಸ್ ಹಾಲಿಗೂ ಒಂದೇ ಕಾಗದಪತ್ರ ಕೇಳಿದರೆ ಉಳಿಯುವುದು ಹಣವಿರುವ ಜಾಗಗಳು ಮಾತ್ರ, ವಾರವಾರ ಹೊಸ ವಾದಕನಿಗೆ ಅವಕಾಶ ಕೊಡುವ ಸಣ್ಣ ಕೋಣೆ ಮೊದಲು ಮುಚ್ಚುತ್ತದೆ.

ಅಂಥ ಕೋಣೆಯ ಬೆಲೆ ಏನೆಂದು ನ್ಯೂ ಆರ್ಲಿಯನ್ಸ್‌ಗೆ 2005ರಲ್ಲೇ ತಿಳಿಯಿತು. ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಬಡಿದು ಊರಿನ ಬಹುಭಾಗ ನೀರಿನಲ್ಲಿ ಮುಳುಗಿತ್ತು, ಜನ ಚದುರಿಹೋಗಿದ್ದರು. ಸೆಪ್ಟೆಂಬರ್ 30ರಂದು, ಕರ್ಫ್ಯೂ ಇನ್ನೂ ಜಾರಿಯಲ್ಲಿದ್ದಾಗಲೇ, ಗಿಟಾರ್ ವಾದಕ ವಾಲ್ಟರ್ ವೂಲ್ಫ್‌ಮನ್ ವಾಷಿಂಗ್ಟನ್ ಜನರೇಟರಿನ ವಿದ್ಯುತ್ತಿನಲ್ಲಿ ಮೇಪಲ್ ಲೀಫ್‌ನಲ್ಲಿ ನುಡಿಸಿದ. ಊರಿಗೆ ಮರಳಿದ್ದವರು ಅವನನ್ನು ಕೇಳಲು ಓಕ್ ಸ್ಟ್ರೀಟಿಗೆ ಬಂದರು.