ಸಣ್ಣ ಟ್ರ್ಯಾಕ್ಟರ್ ಹಾಗೂ ಉಪಕರಣಗಳ ಖರೀದಿ: ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ರೈತರಿಗೆ ಮಾಹಿತಿ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳಲ್ಲಿ ಕೂಲಿಯಾಳುಗಳ ಅಭಾವದಿಂದಾಗಿ ತೋಟ ಹಾಗೂ ಗದ್ದೆಯ ಕೆಲಸಗಳಿಗೆ ಸಣ್ಣ ಟ್ರ್ಯಾಕ್ಟರ್ ಖರೀದಿಸಲು ಬಯಸುವ ರೈತರಿಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಖರೀದಿಯಲ್ಲಿ ಅನುಸರಿಸಬೇಕಾದ ಕ್ರಮವು ಹೀಗಿದೆ: ಮೊದಲು ಜಮೀನಿನ ಅಳತೆ, ನಂತರ ಅರ್ಜಿ, ಕೊನೆಯಲ್ಲಿ ಹಣ ಪಾವತಿ. ಈ ಕ್ರಮ ತಪ್ಪಿ ಮೊದಲೇ ಯಂತ್ರ ಖರೀದಿಸಿ ಬಳಿಕ ಅರ್ಜಿ ಸಲ್ಲಿಸುವ ರೈತರು ಸಹಾಯಧನದಿಂದ ವಂಚಿತರಾಗುವ ಸಂಭವವಿರುತ್ತದೆ. ಅಳತೆ ನೋಡದೆ ಖರೀದಿಸಿದ ಯಂತ್ರವು ತೋಟದೊಳಗೆ ಹೋಗಲಾರದೆ ಅಂಗಳದಲ್ಲಿಯೇ ಉಳಿಯಬಹುದು.

1. ಜಮೀನಿಗೆ ತಕ್ಕ ಯಂತ್ರದ ಆಯ್ಕೆ

ಈ ತಾಲ್ಲೂಕುಗಳ ಜಮೀನುಗಳು ಬಯಲುಸೀಮೆಯ ಹೊಲಗಳಂತೆ ವಿಶಾಲವಾಗಿರುವುದಿಲ್ಲ. ಬೈಲು, ಮಜಲು ಮತ್ತು ಬೆಟ್ಟು ಎಂಬ ಮೂರು ಬಗೆಯ ಗದ್ದೆಗಳು ಮೆಟ್ಟಿಲು ಮೆಟ್ಟಿಲಾಗಿದ್ದು, ಇವುಗಳ ನಡುವೆ ಎತ್ತರದ ಹುಣಿ, ತೋಡು ಮತ್ತು ಕಿರಿದಾದ ಸಂಕಗಳಿರುತ್ತವೆ. ಆದುದರಿಂದ ರೈತರು ಮಳಿಗೆಗೆ ಹೋಗುವ ಮೊದಲು ಕೆಳಗಿನ ಅಳತೆಗಳನ್ನು ಬರೆದಿಟ್ಟುಕೊಳ್ಳುವುದು ಸೂಕ್ತ.

(ಅ) ರಸ್ತೆಯಿಂದ ಜಮೀನಿಗೆ ಹೋಗುವ ದಾರಿಯ ಅತಿ ಕಿರಿದಾದ ಭಾಗದ ಅಗಲ, ಹಾಗೂ ಸಂಕವಿದ್ದಲ್ಲಿ ಅದರ ಅಗಲ ಮತ್ತು ಭಾರ ತಾಳುವ ಶಕ್ತಿ.

(ಆ) ಸಾಲಿನಿಂದ ಸಾಲಿಗೆ ಇರುವ ಅಂತರ. ಅಡಿಕೆಗೆ ಶಿಫಾರಸು ಮಾಡಲಾದ ಅಂತರ 2.7 ಮೀಟರ್ x 2.7 ಮೀಟರ್, ಅಂದರೆ ಸುಮಾರು 9 ಅಡಿ. ಆದರೆ ನಡುವೆ ಬಸಿಗಾಲುವೆ, ಕೊಕ್ಕೋ, ಬಾಳೆ ಅಥವಾ ನೀರಾವರಿ ಪೈಪುಗಳಿದ್ದಲ್ಲಿ ಯಂತ್ರಕ್ಕೆ ಉಳಿಯುವ ಜಾಗ ಇದರ ಅರ್ಧಕ್ಕಿಂತಲೂ ಕಡಿಮೆಯಾಗಬಹುದು.

(ಇ) ಸಾಲಿನ ಕೊನೆಯಲ್ಲಿ ಯಂತ್ರವನ್ನು ತಿರುಗಿಸಲು ದೊರೆಯುವ ಜಾಗ. ಟ್ರ್ಯಾಕ್ಟರಿನ ಅಗಲವನ್ನು ಮಾತ್ರ ಕೇಳಿ ಈ ಅಂಶವನ್ನು ಬಿಡಬಾರದು. ಹಿಂದೆ ಉಪಕರಣ ಜೋಡಿಸಿದಾಗ ಯಂತ್ರದ ಒಟ್ಟು ಉದ್ದವೂ ಹೆಚ್ಚಾಗುತ್ತದೆ.

(ಈ) ಜಮೀನಿನ ಇಳಿಜಾರು. ಕಡಿದಾದ ಗುಡ್ಡದ ತೋಟಗಳಿಗೆ ನಾಲ್ಕು ಚಕ್ರದ ಟ್ರ್ಯಾಕ್ಟರ್ ಸೂಕ್ತವಲ್ಲ. ಅಂತಹ ಕಡೆ ಪವರ್ ವೀಡರ್ ಅಥವಾ ಕಳೆ ಕೊಚ್ಚುವ ಯಂತ್ರ ಸಾಕಾಗುತ್ತದೆ.

ಸಾಧ್ಯವಿದ್ದಲ್ಲಿ ಮಾರಾಟಗಾರರಿಂದ ತಮ್ಮದೇ ಜಮೀನಿನಲ್ಲಿ ಪ್ರಾತ್ಯಕ್ಷಿಕೆ ಮಾಡಿಸಿಕೊಳ್ಳತಕ್ಕದ್ದು. ಎಂಜಿನಿನ ಅಶ್ವಶಕ್ತಿಯೂ ಉಪಕರಣಗಳನ್ನು ತಿರುಗಿಸುವ ಪಿಟಿಒ ಅಶ್ವಶಕ್ತಿಯೂ ಒಂದೇ ಅಲ್ಲ. ಪಿಟಿಒ ಶಕ್ತಿಯು ಎಂಜಿನ್ ಶಕ್ತಿಗಿಂತ ಕಡಿಮೆ ಇರುತ್ತದೆ. ಉಪಕರಣಗಳ ಆಯ್ಕೆಗೂ ಸಹಾಯಧನದ ಅರ್ಹತೆಗೂ ಪಿಟಿಒ ಶಕ್ತಿಯೇ ಆಧಾರವಾಗಿರುವುದರಿಂದ ದರಪಟ್ಟಿಯಲ್ಲಿ ಎರಡನ್ನೂ ಬರೆಸಿಕೊಳ್ಳಬೇಕು.

2. ಉಪಕರಣಗಳು

ಟ್ರ್ಯಾಕ್ಟರ್ ತಾನೇ ಯಾವ ಕೃಷಿ ಕೆಲಸವನ್ನೂ ಮಾಡುವುದಿಲ್ಲ. ಕೆಲಸ ನಡೆಯುವುದು ಉಪಕರಣಗಳಿಂದ. ಆದುದರಿಂದ ಎರಡರ ವೆಚ್ಚವನ್ನೂ ಒಟ್ಟಿಗೆ ಲೆಕ್ಕ ಹಾಕಬೇಕು.

ರೋಟವೇಟರ್: ಏಣೆಲು ಮತ್ತು ಸುಗ್ಗಿ ಬೆಳೆಗಳ ಗದ್ದೆ ಹದಗೊಳಿಸಲು ಉಪಯುಕ್ತ. ಕೆಸರು ಗದ್ದೆಗೆ ಕಬ್ಬಿಣದ ಕೇಜ್ ಚಕ್ರಗಳೂ ಬೇಕಾಗುತ್ತವೆ. ಅಡಿಕೆಯ ಬೇರುಗಳು ಮೇಲ್ಮಣ್ಣಿನಲ್ಲಿ ಹರಡಿರುವುದರಿಂದ ತೋಟದಲ್ಲಿ ಆಳವಾಗಿ ಉಳುಮೆ ಮಾಡಬಾರದು.

ಸಿಂಪಡಣಾ ಪಂಪು: ಕೊಳೆ ರೋಗದ ಹತೋಟಿಗೆ ಶೇ. 1ರ ಬೋರ್ಡೋ ದ್ರಾವಣವನ್ನು ಮುಂಗಾರಿನ ಆರಂಭದಲ್ಲಿ ಮತ್ತು ಸುಮಾರು 40 ರಿಂದ 45 ದಿನಗಳ ನಂತರ ಪುನಃ ಸಿಂಪಡಿಸಬೇಕಾಗುತ್ತದೆ. ಮಳೆಗಾಲದಲ್ಲಿ ಯಂತ್ರವು ತೋಟದೊಳಗೆ ಹೋಗಲಾರದು. ಹೋದರೂ ಒದ್ದೆ ಮಣ್ಣು ಗಟ್ಟಿಯಾಗಿ ಬೇರುಗಳಿಗೆ ಹಾನಿಯಾಗುತ್ತದೆ. ಆದ್ದರಿಂದ ದಾರಿಯಲ್ಲಿಯೇ ಯಂತ್ರ ನಿಲ್ಲಿಸಿ ಕೆಲಸ ಮಾಡುವಷ್ಟು ಉದ್ದದ ಪೈಪನ್ನು ಪಂಪಿನೊಂದಿಗೆ ಪಡೆಯಬೇಕು.

ಟ್ರೇಲರ್: ಗೊಬ್ಬರ, ಸೊಪ್ಪು, ಅಡಿಕೆ ಹಾಗೂ ತೆಂಗಿನಕಾಯಿ ಸಾಗಣೆಗೆ ವರ್ಷವಿಡೀ ಬಳಕೆಯಾಗುತ್ತದೆ.

ಗುಂಡಿ ತೋಡುವ ಯಂತ್ರ: ಹೊಸ ತೋಟಕ್ಕೆ ಎಕರೆಗೆ ಸುಮಾರು 550 ಅಡಿಕೆ ಗಿಡಗಳು ಬೇಕಾಗುವುದರಿಂದ ನಾಟಿಯ ವರ್ಷದಲ್ಲಿ ಸಹಕಾರಿ. ಆದರೆ ಮುಂದಿನ ವರ್ಷಗಳಲ್ಲಿ ಕೆಲಸವಿರುವುದಿಲ್ಲ. ಇಂತಹ ಉಪಕರಣವನ್ನು ಬಾಡಿಗೆಗೆ ಪಡೆಯುವುದೇ ಲಾಭಕರ.

3. ಖರೀದಿಯೋ, ಬಾಡಿಗೆಯೋ?

ಈ ಪ್ರಶ್ನೆಗೆ ಉತ್ತರ ವರ್ಷಕ್ಕೆ ಎಷ್ಟು ಗಂಟೆ ಕೆಲಸವಿದೆ ಎಂಬುದರಲ್ಲಿದೆ. ಉದಾಹರಣೆಗಾಗಿ, ಟ್ರ್ಯಾಕ್ಟರ್ ಮತ್ತು ಉಪಕರಣಗಳಿಗೆ ಒಟ್ಟು ರೂ. 6,00,000 ವೆಚ್ಚವಾಯಿತು ಹಾಗೂ 10 ವರ್ಷಗಳ ನಂತರ ಅವುಗಳ ಬೆಲೆ ರೂ. 1,20,000 ಉಳಿಯಿತು ಎಂದು ಭಾವಿಸಿದಲ್ಲಿ, ವಾರ್ಷಿಕ ಸವಕಳಿ ರೂ. 48,000 ಆಗುತ್ತದೆ. ಬಡ್ಡಿ, ವಿಮೆ ಹಾಗೂ ದುರಸ್ತಿಗೆ ರೂ. 32,000 ಸೇರಿಸಿದರೆ ವರ್ಷಕ್ಕೆ ರೂ. 80,000. ಯಂತ್ರವು ವರ್ಷಕ್ಕೆ 400 ಗಂಟೆ ದುಡಿದರೆ ಗಂಟೆಗೆ ರೂ. 200 ಬೀಳುತ್ತದೆ. ಕೇವಲ 80 ಗಂಟೆ ದುಡಿದರೆ ಗಂಟೆಗೆ ರೂ. 1,000 ಬೀಳುತ್ತದೆ. ಡೀಸೆಲ್ ಮತ್ತು ಚಾಲಕರ ಕೂಲಿ ಇದಕ್ಕೆ ಹೊರತು. ಈ ಅಂಕಿಗಳು ಲೆಕ್ಕದ ವಿಧಾನವನ್ನು ತಿಳಿಸಲು ಮಾತ್ರ. ರೈತರು ತಮ್ಮ ದರಪಟ್ಟಿಯ ಅಂಕಿಗಳನ್ನು ಹಾಕಿ ಲೆಕ್ಕ ಮಾಡಿ, ಬಂದ ಮೊತ್ತವನ್ನು ಸ್ಥಳೀಯ ಬಾಡಿಗೆ ದರದೊಂದಿಗೆ ಹೋಲಿಸಿ ನೋಡಬೇಕು.

2014-15ರಲ್ಲಿ ರಾಜ್ಯದಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಯೋಜನೆಯ ಬಾಡಿಗೆ ಕೇಂದ್ರಗಳ ದರವನ್ನು ಇದಕ್ಕೆ ಬಳಸಬಹುದು. ಒಂದೆರಡು ಎಕರೆಯ ರೈತರು ನೆರೆಯವರೊಂದಿಗೆ ಸೇರಿ ಯಂತ್ರ ಬಳಸುವ ಬಗ್ಗೆಯೂ ಆಲೋಚಿಸಬಹುದು.

4. ಸಹಾಯಧನ

ಕೃಷಿ ಯಾಂತ್ರೀಕರಣ ಕಾರ್ಯಕ್ರಮದಡಿ ಕೃಷಿ ಯಂತ್ರೋಪಕರಣಗಳಿಗೆ ಸಾಮಾನ್ಯ ವರ್ಗದ ರೈತರಿಗೆ ಶೇ. 50 ಮತ್ತು ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದ ರೈತರಿಗೆ ಶೇ. 90ರ ಪ್ರಮಾಣದಲ್ಲಿ, ಗರಿಷ್ಠ ಮಿತಿಗೆ ಒಳಪಟ್ಟು, ಸಹಾಯಧನ ನೀಡುವ ಪದ್ಧತಿ ರಾಜ್ಯದಲ್ಲಿದೆ. ಸಣ್ಣ ಟ್ರ್ಯಾಕ್ಟರುಗಳಿಗೆ ಪ್ರತ್ಯೇಕ ಮಿತಿ ಇರುತ್ತದೆ. ಹಿಂದಿನ ಸಾಲುಗಳ ಮಾರ್ಗಸೂಚಿಗಳಲ್ಲಿ 25 ಪಿಟಿಒ ಅಶ್ವಶಕ್ತಿಯವರೆಗಿನ ಟ್ರ್ಯಾಕ್ಟರುಗಳಿಗೆ ಸಾಮಾನ್ಯ ವರ್ಗಕ್ಕೆ ಗರಿಷ್ಠ ರೂ. 75,000 ಹಾಗೂ ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಗರಿಷ್ಠ ರೂ. 3,00,000 ನಿಗದಿಪಡಿಸಲಾಗಿತ್ತು. ಮಿತಿ ಮತ್ತು ಗುರಿಗಳು ಅನುದಾನಕ್ಕನುಗುಣವಾಗಿ ಬದಲಾಗುವುದರಿಂದ ಪ್ರಸಕ್ತ ಸಾಲಿನ ಮೊತ್ತವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳಬೇಕು.

ಅಡಿಕೆ, ತೆಂಗು ಮುಂತಾದ ತೋಟದ ಬೆಳೆಗಾರರು ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿಯೂ ವಿಚಾರಿಸಬಹುದು. ಒಂದೇ ಯಂತ್ರಕ್ಕೆ ಎರಡು ಇಲಾಖೆಗಳಿಂದ ಸಹಾಯಧನ ಪಡೆಯಲು ಅವಕಾಶವಿರುವುದಿಲ್ಲ.

5. ಅರ್ಜಿ ಮತ್ತು ದಾಖಲೆಗಳು

ರೈತರು ಮೊದಲು ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿ ಗುರುತಿನ ಸಂಖ್ಯೆ ಪಡೆದಿರಬೇಕು. ಅರ್ಜಿಯನ್ನು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಸಲ್ಲಿಸತಕ್ಕದ್ದು. ಬಂಟ್ವಾಳ ತಾಲ್ಲೂಕಿನಲ್ಲಿ ಬಂಟ್ವಾಳ, ಪಾಣೆಮಂಗಳೂರು ಮತ್ತು ವಿಟ್ಲ ಹೋಬಳಿಗಳೂ, ಬೆಳ್ತಂಗಡಿ ತಾಲ್ಲೂಕಿನಲ್ಲಿ ಬೆಳ್ತಂಗಡಿ, ವೇಣೂರು ಮತ್ತು ಕೊಕ್ಕಡ ಹೋಬಳಿಗಳೂ ಇವೆ. ಸಾಮಾನ್ಯವಾಗಿ ಪಹಣಿ, ಆಧಾರ್, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ, ಭಾವಚಿತ್ರ, ಅನ್ವಯಿಸುವಲ್ಲಿ ಜಾತಿ ಪ್ರಮಾಣಪತ್ರ ಹಾಗೂ ಛಾಪಾ ಕಾಗದದ ಮೇಲೆ ಮುಚ್ಚಳಿಕೆ ಪತ್ರ ಅಗತ್ಯ.

ಅರ್ಜಿಗಳು ವಿಳಂಬವಾಗಲು ಮುಖ್ಯವಾಗಿ ಮೂರು ಕಾರಣಗಳಿವೆ.

ಮೊದಲನೆಯದು, ಪಹಣಿ ಇನ್ನೂ ಮೃತ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿರುವುದು. ಇದಕ್ಕೆ ಮುಂಚಿತವಾಗಿಯೇ ನಾಡಕಚೇರಿಯ ಮೂಲಕ ಪೌತಿ ಖಾತೆ ಮಾಡಿಸಿಕೊಳ್ಳಬೇಕು. ಜಂಟಿ ಖಾತೆಯಿದ್ದಲ್ಲಿ ಇತರ ಖಾತೆದಾರರ ಒಪ್ಪಿಗೆಯ ಬಗ್ಗೆ ಕೇಂದ್ರದಲ್ಲಿ ಕೇಳಿ ತಿಳಿಯಬೇಕು.

ಎರಡನೆಯದು, ಕುಮ್ಕಿ ಜಮೀನು. ಕುಮ್ಕಿಯಲ್ಲಿ ಕೃಷಿಕರಿಗೆ ಕೆಲವು ಸವಲತ್ತುಗಳಿದ್ದರೂ ಅದು ಸರ್ಕಾರಿ ಭೂಮಿ. ವರ್ಗ ಜಮೀನಿನ ವಿಸ್ತೀರ್ಣದೊಂದಿಗೆ ಅದನ್ನು ಸೇರಿಸಿ ತೋರಿಸಬಾರದು.

ಮೂರನೆಯದು, ತಾಲ್ಲೂಕಿನ ಹೆಸರಿನ ವ್ಯತ್ಯಾಸ. ಮೂಡುಬಿದಿರೆ ಹಿಂದೆ ಮಂಗಳೂರು ತಾಲ್ಲೂಕಿನ ಭಾಗವಾಗಿದ್ದುದರಿಂದ ಹಳೆಯ ದಾಖಲೆಗಳಲ್ಲಿ ಮಂಗಳೂರು ಎಂದಿರಬಹುದು. ಎಲ್ಲ ದಾಖಲೆಗಳಲ್ಲಿ ಹೆಸರು ಮತ್ತು ವಿಳಾಸ ಹೊಂದುತ್ತವೆಯೇ ಎಂದು ಮೊದಲೇ ಪರಿಶೀಲಿಸಬೇಕು.

6. ಹಣ ಪಾವತಿ ಮತ್ತು ಸಾಲ

ಮಂಜೂರಾತಿ ದೊರೆಯುವ ಮೊದಲು ಮಾರಾಟಗಾರರಿಗೆ ಪೂರ್ಣ ಹಣ ಪಾವತಿಸಬಾರದು. ಸಹಾಯಧನ ಖಂಡಿತ ಬರುತ್ತದೆ ಎಂಬ ಬಾಯಿಮಾತನ್ನು ನಂಬಿ ಮುಂಗಡ ನೀಡುವುದೂ ಸೂಕ್ತವಲ್ಲ. ಇಲಾಖೆಯ ಸೂಚನೆ ಬಂದ ನಂತರ ರೈತರ ವಂತಿಕೆಯನ್ನು ಬ್ಯಾಂಕ್ ಮೂಲಕವೇ ಪಾವತಿಸಿ ರಸೀದಿ ಪಡೆಯಬೇಕು. ಆಯ್ಕೆ ಮಾಡುವ ಮಾದರಿಯು ಅನುಮೋದಿತ ಪಟ್ಟಿಯಲ್ಲಿರಬೇಕು. ಇಲಾಖೆಯು ಯಾವುದೇ ನಿರ್ದಿಷ್ಟ ಸಂಸ್ಥೆಯ ಯಂತ್ರವನ್ನು ಶಿಫಾರಸು ಮಾಡುವುದಿಲ್ಲ.

2025ರ ಸೆಪ್ಟೆಂಬರ್ 22 ರಿಂದ ಕೃಷಿ ಟ್ರ್ಯಾಕ್ಟರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು ಶೇ. 12 ರಿಂದ ಶೇ. 5ಕ್ಕೆ ಇಳಿಸಲಾಗಿದೆ. ತೆರಿಗೆಗೆ ಮುನ್ನ ರೂ. 5,00,000 ಬೆಲೆಯ ಟ್ರ್ಯಾಕ್ಟರಿಗೆ ಹಿಂದೆ ರೂ. 60,000 ಇದ್ದ ತೆರಿಗೆ ಈಗ ರೂ. 25,000 ಆಗುತ್ತದೆ. ಆದುದರಿಂದ ಹಳೆಯ ದರಪಟ್ಟಿಗಳನ್ನು ಒಪ್ಪದೆ ಮೂಲ ಬೆಲೆ ಮತ್ತು ತೆರಿಗೆಯನ್ನು ಪ್ರತ್ಯೇಕವಾಗಿ ತೋರಿಸಿದ ಹೊಸ ದರಪಟ್ಟಿ ಪಡೆಯಬೇಕು.

ಸಾಲದ ಅಗತ್ಯವಿದ್ದವರು ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ ಅಥವಾ ಬ್ಯಾಂಕನ್ನು ಮೊದಲೇ ಸಂಪರ್ಕಿಸಬೇಕು. ಸಹಕಾರಿ ಸಂಸ್ಥೆಗಳ ಮೂಲಕ ಶೇ. 3ರ ಬಡ್ಡಿ ದರದಲ್ಲಿ ನೀಡುವ ಮಧ್ಯಮಾವಧಿ ಮತ್ತು ದೀರ್ಘಾವಧಿ ಕೃಷಿ ಸಾಲದ ಮಿತಿಯನ್ನು ರೂ. 15 ಲಕ್ಷಕ್ಕೆ ಹೆಚ್ಚಿಸುವುದಾಗಿ 2023-24ರ ರಾಜ್ಯ ಆಯವ್ಯಯದಲ್ಲಿ ಘೋಷಿಸಲಾಯಿತು. ಅರ್ಹತೆಯ ಷರತ್ತುಗಳನ್ನು ಸಂಘದಲ್ಲಿ ತಿಳಿದುಕೊಳ್ಳಬಹುದು.

7. ಯಂತ್ರ ಮನೆಗೆ ಬಂದ ನಂತರ

ಟ್ರ್ಯಾಕ್ಟರಿಗೆ ಮೋಟಾರು ವಾಹನ ಕಾಯ್ದೆ, 1988ರಂತೆ ನೋಂದಣಿ ಹಾಗೂ ಮೂರನೇ ವ್ಯಕ್ತಿ ವಿಮೆ ಕಡ್ಡಾಯ. ಚಾಲಕರು ಸೂಕ್ತ ಚಾಲನಾ ಅನುಜ್ಞಾಪತ್ರ ಹೊಂದಿರಬೇಕು. ಟ್ರೇಲರಿನ ದಾಖಲೆಗಳನ್ನು ಪ್ರತ್ಯೇಕವಾಗಿ ಪಡೆಯಬೇಕು. ಟ್ರೇಲರಿನಲ್ಲಿ ಜನರನ್ನು ಸಾಗಿಸಬಾರದು. ಅಪಘಾತವಾದಲ್ಲಿ ವಿಮಾ ಪರಿಹಾರ ದೊರೆಯದೆ ಮಾಲೀಕರೇ ಹೊಣೆಯಾಗುವ ಸಂಭವವಿದೆ.

ಯಂತ್ರದ ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ಬಿಲ್ಲಿನೊಂದಿಗೆ ತಾಳೆ ನೋಡಿ, ಖಾತರಿ ಪತ್ರ ಪಡೆಯಬೇಕು. ಇಲಾಖೆಯ ಅಧಿಕಾರಿಗಳು ಸ್ಥಳ ಪರಿಶೀಲನೆಗೆ ಬಂದಾಗ ಯಂತ್ರವನ್ನು ತೋರಿಸಬೇಕು. ಮುಚ್ಚಳಿಕೆಯಲ್ಲಿ ನಮೂದಿಸಿದ ಅವಧಿಯೊಳಗೆ ಅದನ್ನು ಮಾರಾಟ ಅಥವಾ ಪರಭಾರೆ ಮಾಡುವಂತಿಲ್ಲ.

ಇಳಿಜಾರಿನಲ್ಲಿ ಅಡ್ಡಲಾಗಿ ಚಲಿಸುವಾಗ ಮತ್ತು ಹುಣಿಯ ಅಂಚಿನಲ್ಲಿ ಟ್ರ್ಯಾಕ್ಟರ್ ಮಗುಚುವ ಅಪಾಯವಿದೆ. ಮಳೆಗೆ ಸಡಿಲವಾದ ಅಂಚಿನಿಂದ ದೂರವಿರಬೇಕು. ತಿರುಗುವ ಪಿಟಿಒ ದಂಡಕ್ಕೆ ಲುಂಗಿ, ಬೈರಾಸು ಮುಂತಾದ ಸಡಿಲ ಬಟ್ಟೆ ಸಿಲುಕಿದರೆ ಪ್ರಾಣಾಪಾಯವಾಗುವುದರಿಂದ ರಕ್ಷಣಾ ಕವಚವನ್ನು ತೆಗೆಯಬಾರದು. ಎಂಜಿನ್ ನಿಲ್ಲಿಸದೆ ಉಪಕರಣವನ್ನು ಮುಟ್ಟಬಾರದು.

ಹೆಚ್ಚಿನ ಮಾಹಿತಿಗಾಗಿ

ರೈತರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ, ಸಹಾಯಕ ಕೃಷಿ ನಿರ್ದೇಶಕರ ಕಚೇರಿ ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಕಿಸಾನ್ ಕಾಲ್ ಸೆಂಟರಿನ ಶುಲ್ಕರಹಿತ ದೂರವಾಣಿ ಸಂಖ್ಯೆ 1800-180-1551. ಗುರಿಗಳು ಸೀಮಿತವಾಗಿರುವುದರಿಂದ ಆರ್ಥಿಕ ವರ್ಷದ ಆರಂಭದಲ್ಲಿಯೇ ದಾಖಲೆಗಳನ್ನು ಸಿದ್ಧಪಡಿಸಿ ಅರ್ಜಿ ಸಲ್ಲಿಸಲು, ಹಾಗೂ ಸಲ್ಲಿಸಿದ ಅರ್ಜಿಗೆ ಸ್ವೀಕೃತಿ ಪಡೆಯಲು ರೈತ ಬಾಂಧವರನ್ನು ಕೋರಲಾಗಿದೆ.