ಕಣ್ಣಿನ ದೂರಿಗೆ ಮಿದುಳಿನ ಮೂಲ

ನಿವೃತ್ತಿ ವೇತನದ ಕಾಗದಪತ್ರಗಳಿಗೆಂದು ಆರು ವರ್ಷಗಳ ಹಿಂದೆ ನಾನೂ ನನ್ನ ಪತ್ನಿಯೂ ಜಂಟಿ ಭಾವಚಿತ್ರ ತೆಗೆಸಿಕೊಂಡಿದ್ದೆವು. ಕಳೆದ ವರ್ಷ ನೇತ್ರತಜ್ಞೆಯೊಬ್ಬರು ಹಳೆಯ ಚಿತ್ರವೊಂದನ್ನು ಕೇಳಿ ಪಡೆದು, ಅದನ್ನು ಆಕೆಯ ಮುಖದ ಪಕ್ಕಕ್ಕೆ ಹಿಡಿದು ನೋಡಿದರು. ಚಿತ್ರದಲ್ಲಿ ಎರಡೂ ಕಣ್ಣುಗಳು ಸಮನಾಗಿದ್ದವು. ಎದುರಿಗೆ ಕುಳಿತಿದ್ದವಳ ಎಡಗಣ್ಣು ಸ್ಪಷ್ಟವಾಗಿ ಮುಂದೆ ಬಂದಿತ್ತು. ದಿನವೂ ಜೊತೆಯಲ್ಲಿ ಕಾಫಿ ಕುಡಿಯುವ ನನಗೆ ಅದು ಕಂಡಿರಲಿಲ್ಲ.

ಅದಕ್ಕೆ ಮುಂಚಿನ ಎರಡು ವರ್ಷ ಕಣ್ಣು ಮಂಜೆಂದು ಆಕೆ ಹೇಳುತ್ತಲೇ ಇದ್ದಳು. ಎರಡು ಬಾರಿ ಕನ್ನಡಕ ಬದಲಾಯಿತು. ಥೈರಾಯ್ಡ್ ಶಂಕೆಯಿಂದ ರಕ್ತಪರೀಕ್ಷೆಯೂ ನಡೆಯಿತು. ಫಲಿತಾಂಶ ಸರಿಯಾಗಿದ್ದುದರಿಂದ ವಿಚಾರ ಅಲ್ಲಿಗೇ ನಿಂತಿತು. ಯಾರೂ ಷರಾ ಬರೆಯದ ಕಡತ ಮೇಜಿನಿಂದ ಮೇಜಿಗೆ ಹೇಗೆ ಸಾಗುತ್ತದೆಂಬುದು ಆಡಳಿತದಲ್ಲಿದ್ದ ನನಗೆ ತಿಳಿಯದ್ದೇನಲ್ಲ.

ಆಕೆಗಿದ್ದುದು ಮೆನಿಂಜಿಯೋಮಾ. ಈ ಹೆಸರನ್ನು 1922ರಲ್ಲಿ ಬಳಕೆಗೆ ತಂದವರು ಅಮೆರಿಕದ ನರಶಸ್ತ್ರವೈದ್ಯ ಹಾರ್ವೆ ಕುಶಿಂಗ್. ಮಿದುಳಿನ ಹೊದಿಕೆಯ ಪೊರೆಗಳಲ್ಲಿ ಹುಟ್ಟುವ ಈ ಗಡ್ಡೆ ಬಹುಪಾಲು ಕ್ಯಾನ್ಸರ್ ಅಲ್ಲ, ಬೆಳವಣಿಗೆ ನಿಧಾನ, ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು. ಕಣ್ಣುಗೂಡಿನ ಗೋಡೆಯ ಭಾಗವಾದ ಸ್ಫೀನಾಯ್ಡ್ ಮೂಳೆಗೆ ಅದು ಹಬ್ಬಿದರೆ ಮೂಳೆಯೇ ದಪ್ಪಗಾಗುತ್ತದೆ. ಜಾಗ ಕಿರಿದಾಗಿ ಕಣ್ಣುಗುಡ್ಡೆ ಮುಂದಕ್ಕೆ ಸರಿಯುತ್ತದೆ. ಕಣತಲೆ ಉಬ್ಬಿದಂತೆ ಕಾಣಬಹುದು, ಒಂದು ವಸ್ತು ಎರಡಾಗಿ ತೋರಬಹುದು. ಸಾಮಾನ್ಯವಾಗಿ ನೋವಿರುವುದಿಲ್ಲ, ಅಪಾಯವಿರುವುದೇ ಅಲ್ಲಿ. ದೃಷ್ಟಿನರ ಒತ್ತಡಕ್ಕೆ ಸಿಲುಕಿದಾಗ ಅಕ್ಷರಕ್ಕಿಂತ ಮೊದಲು ಬಣ್ಣ ಮಾಸುವುದುಂಟು. ಕುಂಕುಮದ ಕೆಂಪು ಒಂದು ಕಣ್ಣಿಗೆ ಕಳೆಗುಂದಿ ಕಾಣುತ್ತದೆಂದು ಆಕೆ ಹೇಳಿದಾಗ ನಾನು ನಕ್ಕಿದ್ದೆ.

ವಯಸ್ಕರಲ್ಲಿ ಒಂದೇ ಕಣ್ಣು ಮುಂದೆ ಬಂದರೂ ಥೈರಾಯ್ಡ್ ಸಂಬಂಧಿತ ನೇತ್ರರೋಗವೇ ಅತಿ ಸಾಮಾನ್ಯ ಕಾರಣ. ಆದ್ದರಿಂದ ಮೊದಲ ಶಂಕೆ ತಪ್ಪಲ್ಲ. ಶಂಕೆ ನಿಜವಾಗದಿದ್ದಾಗ ಹುಡುಕಾಟ ನಿಲ್ಲಿಸಿದ್ದು ತಪ್ಪು. ಮುಂದಿನ ದಾರಿ ದುಬಾರಿಯೂ ಅಲ್ಲ. ಹರ್ಟೆಲ್ ಮಾಪಕದಿಂದ ಕಣ್ಣುಗಳನ್ನು ಅಳೆಯಬಹುದು. ಎರಡರ ನಡುವೆ 2 ಮಿಲಿಮೀಟರ್‌ಗಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ತನಿಖೆ ಅಗತ್ಯ. ಟಾರ್ಚ್ ಬೆಳಕನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹಾಯಿಸಿದರೆ ನರ ಸೋತ ಕಣ್ಣಿನ ಪಾಪೆ ಕುಗ್ಗುವ ಬದಲು ಹಿಗ್ಗುತ್ತದೆ. ಬಣ್ಣದ ಫಲಕಗಳ ಪರೀಕ್ಷೆ, ದೃಷ್ಟಿಕ್ಷೇತ್ರದ ಪರೀಕ್ಷೆ ನಂತರದವು. ಇವು ಬೆರಳು ತೋರಿಸಿದ ಮೇಲೆಯೇ ಸಿ.ಟಿ., ಎಂ.ಆರ್.ಐ. ಮೂಳೆಯ ದಪ್ಪವನ್ನು ಸಿ.ಟಿ. ಚೆನ್ನಾಗಿ ತೋರಿಸಿದರೆ, ಪೊರೆಯಲ್ಲಿ ಗಡ್ಡೆ ಎಲ್ಲಿಯವರೆಗೆ ಹರಡಿದೆ ಎಂಬುದನ್ನು ಎಂ.ಆರ್.ಐ. ತೋರಿಸುತ್ತದೆ. ಅಂತಿಮ ನಿರ್ಧಾರ ಅಂಗಾಂಶ ಪರೀಕ್ಷೆಯದು.

ಮಂಜಾದ ಕಣ್ಣಿಗೆಲ್ಲ ಸ್ಕ್ಯಾನಿಂಗ್ ಮಾಡಿಸಿ ಎಂದು ಅರ್ಥಶಾಸ್ತ್ರ ಓದಿದವನು ಹೇಳಲಾರ. ಆದರೆ ದುಬಾರಿ ಪರೀಕ್ಷೆ ಯಾರಿಗೆ ಬೇಕೆಂದು ತೀರ್ಮಾನಿಸಲು ಟಾರ್ಚು, ಅಳತೆ ಮತ್ತು ಐದು ನಿಮಿಷದ ವ್ಯವಧಾನ ಸಾಕು. ಅದನ್ನು ಉಳಿಸಿದ್ದಕ್ಕೆ ನಮ್ಮ ಮನೆ ತೆತ್ತ ಬೆಲೆ ದೊಡ್ಡದು.

ಶಸ್ತ್ರಚಿಕಿತ್ಸೆಯಲ್ಲಿ ದಪ್ಪಗಾಗಿದ್ದ ಮೂಳೆಯನ್ನು ಕೊರೆದು ತೆಗೆದರು. ನರಗಳಿಗೆ ಅಂಟಿದ ಒಂದಿಷ್ಟು ಭಾಗವನ್ನು ಬಿಡಬೇಕಾಯಿತು. ಇನ್ನು ವರ್ಷವರ್ಷವೂ ಎಂ.ಆರ್.ಐ. ಕಣ್ಣು ಬಹುಮಟ್ಟಿಗೆ ಸ್ವಸ್ಥಾನಕ್ಕೆ ಮರಳಿದೆ. ಆ ಕಣ್ಣಿಗೆ ಕೆಂಪು ಬಣ್ಣ ಮಾತ್ರ ಮರಳಿಲ್ಲ.

ಓದುಗರು ಇಂದೇ ಹಳೆಯ ಭಾವಚಿತ್ರವೊಂದನ್ನು ತೆಗೆದು ಮನೆಯವರ ಮುಖದೊಡನೆ ಹೋಲಿಸಿ ನೋಡಲಿ. ವ್ಯತ್ಯಾಸ ಕಂಡರೆ ಕನ್ನಡಕದಂಗಡಿಗಲ್ಲ, ನೇತ್ರವೈದ್ಯರಲ್ಲಿಗೆ ಹೋಗಿ ಅಳೆಯುವಂತೆ ಕೇಳಲಿ. ಮತ್ತು ಹೆಂಡತಿ ಹೇಳುವ ಬಣ್ಣದ ಮಾತಿಗೆ ನಗದಿರಲಿ.