ಬದಲಾದದ್ದು ಹೊಲವೋ, ಉಪಗ್ರಹದ ಕಣ್ಣೋ?

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟವನ್ನು ನೀವು ಹತ್ತಿದ್ದೀರಾ? ಅಶೋಕನ ಶಾಸನವಿರುವ ಬೆಟ್ಟ ಅದು. ಸುತ್ತಲೂ ಮಳೆ ಕಡಿಮೆಯಾದ ಬಯಲುಸೀಮೆ. ಅತ್ತ ಚಳ್ಳಕೆರೆಯ ಕಡೆಗೆ ಶೇಂಗಾ ಹೊಲಗಳು. ಈ ಸೀಮೆಯಲ್ಲಿ ಹಸಿರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆಯೇ, ಕುಗ್ಗುತ್ತಿದೆಯೇ? ಬರವನ್ನು ಅಳೆಯುವಾಗ ಈ ಪ್ರಶ್ನೆ ರೈತನ ಪಾಲಿಗೆ ಬಹಳ ದೊಡ್ಡದು. ಉತ್ತರ ಹುಡುಕಲು ಉಪಗ್ರಹ ಚಿತ್ರಗಳು ನೆರವಾಗುತ್ತವೆ.

ಹಸಿರೆಲೆ ಕೆಂಪು ಬೆಳಕನ್ನು ಹೀರುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹೆಚ್ಚಾಗಿ ಹಿಂದಕ್ಕೆ ಕಳಿಸುತ್ತದೆ. ಅವಕೆಂಪಿನ ಅಳತೆಯಿಂದ ಕೆಂಪಿನದನ್ನು ಕಳೆದು, ಉಳಿದದ್ದನ್ನು ಅವೆರಡರ ಮೊತ್ತದಿಂದ ಭಾಗಿಸಿದರೆ ಸಸ್ಯ ಸೂಚ್ಯಂಕ ಸಿಗುತ್ತದೆ.

ತೊಡಕು ಇಲ್ಲಿಂದಲೇ ಶುರು. 1988ರಲ್ಲಿ ಹಾರಿದ ನಮ್ಮ ಐ.ಆರ್.ಎಸ್.-1ಎ ಉಪಗ್ರಹದ ಲಿಸ್-1 ಕ್ಯಾಮೆರಾದಲ್ಲಿ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 72.5 ಮೀಟರ್ ಅಗಲ. 1995ರ ಐ.ಆರ್.ಎಸ್.-1ಸಿ ಉಪಗ್ರಹದ ಲಿಸ್-3ರಲ್ಲಿ 23.5 ಮೀಟರ್. 2013ರ ಲ್ಯಾಂಡ್‌ಸ್ಯಾಟ್-8ರಲ್ಲಿ 30 ಮೀಟರ್. ಅವಕೆಂಪಿನ ಪಟ್ಟಿಯೂ ಒಂದೇ ಅಲ್ಲ: ಲಿಸ್-3ಕ್ಕೆ ಅದು 0.77ರಿಂದ 0.86 ಮೈಕ್ರೋಮೀಟರ್, ಲ್ಯಾಂಡ್‌ಸ್ಯಾಟ್-8ಕ್ಕೆ ಸುಮಾರು 0.85ರಿಂದ 0.88.

ಒಂದು ಉದಾಹರಣೆ ಊಹಿಸಿಕೊಳ್ಳಿ. ಒಂದೇ ಹೊಲಕ್ಕೆ ಮೊದಲ ಕ್ಯಾಮೆರಾ ಕೆಂಪಿಗೆ 20, ಅವಕೆಂಪಿಗೆ 60 ಅಂಕ ಕೊಟ್ಟಿತು, ಸೂಚ್ಯಂಕ 0.5. ಇನ್ನೊಂದು 80 ಮತ್ತು 120 ಕೊಟ್ಟಿತು, ಸೂಚ್ಯಂಕ 0.2. ಬೆಳೆ ಬಾಡಿಲ್ಲ, ಅಳತೆಗೋಲು ಬೇರೆ, ಅಷ್ಟೆ. ಇದನ್ನರಿಯದವರು ಇಲ್ಲದ ಬರವನ್ನು ಕಾಣಬಹುದು. ಇರುವ ಬರವನ್ನು ಕಾಣದೆಯೂ ಹೋಗಬಹುದು.

ಪರಿಹಾರವೇನು? ಚಿತ್ರದೊಡನೆ ಬರುವ ಗುಣಾಂಕಗಳನ್ನು ಬಳಸಿ ಅಂಕಗಳನ್ನು ಮೊದಲು ಪ್ರತಿಫಲನಕ್ಕೆ, ಅಂದರೆ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ಮರಳಿತು ಎಂಬುದಕ್ಕೆ, ಪರಿವರ್ತಿಸಬೇಕು. ಸೂರ್ಯನ ಎತ್ತರ, ಗಾಳಿಯ ಧೂಳು ಮತ್ತು ತೇವಾಂಶದ ಪ್ರಭಾವವನ್ನು ಸರಿಪಡಿಸಬೇಕು. ಸಣ್ಣ ಚುಕ್ಕೆಗಳನ್ನು ಸೇರಿಸಿ ದೊಡ್ಡ ಚುಕ್ಕೆಯ ಅಳತೆಗೆ ತರಬೇಕು. ಪಟ್ಟಿಗಳ ವ್ಯತ್ಯಾಸಕ್ಕೂ ತಿದ್ದುಪಡಿ ಬೇಕು. ಮುಂಗಾರಿನ ಶೇಂಗಾವನ್ನು ಹೋಲಿಸುವುದಾದರೆ ಎರಡೂ ಚಿತ್ರಗಳು ಬೆಳೆಯ ಒಂದೇ ಹಂತದವಾಗಿರಬೇಕು.

ಇಷ್ಟಾದ ಮೇಲೆ ಲೆಕ್ಕ ಸರಿಯೆಂದು ತಿಳಿಯುವುದು ಹೇಗೆ? ಮತ್ತೆ ಬೆಟ್ಟದ ಕಡೆ ನೋಡಿ. ನೆರಳು ಬೀಳದ, ಹುಲ್ಲು ಬೆಳೆಯದ, ಹಲವು ಚುಕ್ಕೆಗಳಷ್ಟು ಅಗಲವಾದ ಬೋಳು ಬಂಡೆಯೊಂದನ್ನು ಆರಿಸಿಕೊಳ್ಳಿ. ಬೆಳೆ ವರ್ಷ ವರ್ಷ ಬದಲಾಗುತ್ತದೆ, ಬಂಡೆ ಬದಲಾಗದು. ಎರಡು ಉಪಗ್ರಹಗಳೂ ಅದಕ್ಕೆ ಹೆಚ್ಚುಕಡಿಮೆ ಒಂದೇ ಪ್ರತಿಫಲನ ತೋರಿಸಬೇಕು. ತೋರಿಸದಿದ್ದರೆ ಹೊಲದ ಬಗ್ಗೆ ತೀರ್ಮಾನಿಸುವ ಮೊದಲು ನಿಮ್ಮ ಲೆಕ್ಕವನ್ನೇ ಇನ್ನೊಮ್ಮೆ ಪರೀಕ್ಷಿಸಿರಿ.